ಅತ್ತೆಯ ರೆಪ್ಪೆ, ಮಾಣಿಯ ರೆಪ್ಪೆ

ತೀರ್ಥಹಳ್ಳಿಯ ನಮ್ಮ ಮನೆಯಲ್ಲಿ ಜೋತುಬಿದ್ದ ರೆಪ್ಪೆಯವರು ಇಬ್ಬರಿದ್ದರು: ಅರವತ್ತೆಂಟರ ಸೋದರತ್ತೆ ಮತ್ತು ಅಕ್ಕನ ಐದು ವರ್ಷದ ಮಗ. ಕಳೆದ ಬೇಸಿಗೆಯಲ್ಲಿ ಶಿವಮೊಗ್ಗದಲ್ಲಿ ಶಸ್ತ್ರಚಿಕಿತ್ಸೆಯಾಗಿ ಅತ್ತೆಯ ಕಣ್ಣು ಚೆನ್ನಾಗಿ ತೆರೆದುಕೊಂಡಿತು. ಅಂದಿನಿಂದ ನೆಂಟರೆಲ್ಲ ಅಕ್ಕನಿಗೆ, 'ಮಾಣಿಗೂ ಅದನ್ನೇ ಮಾಡ್ಸಿಬಿಡೇ ಮಾರಾಯ್ತಿ' ಎನ್ನತೊಡಗಿದರು. ಈ ಸಲಹೆ ತಪ್ಪೆಂದು ನಾನು ಖಂಡಿತವಾಗಿ ಹೇಳುತ್ತೇನೆ.

ಹುಬ್ಬು ನೆರವಿಗೆ ಬಾರದಂತೆ ಅದನ್ನು ಹೆಬ್ಬೆರಳಿನಿಂದ ಒತ್ತಿಹಿಡಿದ ವೈದ್ಯರು, ಮೊದಲು ಕೆಳಗೆ, ಬಳಿಕ ಮೇಲೆ ನೋಡಿಸಿ, ರೆಪ್ಪೆಯ ಅಂಚು ಎಷ್ಟು ಏರಿತೆಂದು ಪುಟ್ಟ ಸ್ಕೇಲಿನಿಂದ ಅಳೆದರು. ಅತ್ತೆಯದು 13 ಮಿಲಿಮೀಟರ್ ಏರಿತ್ತು, ಮಾಣಿಯದು ಬರೀ 3. ರೆಪ್ಪೆಯನ್ನೆತ್ತುವ ಲಿವೇಟರ್ ಸ್ನಾಯು ಅತ್ತೆಗೆ ಗಟ್ಟಿಯಾಗಿಯೇ ಇತ್ತು. ಅದನ್ನು ರೆಪ್ಪೆಗೆ ಹಿಡಿದಿಡುವ ತೆಳುಪಟ್ಟಿ ವಯಸ್ಸಿನಿಂದ ಸಡಿಲವಾಗಿತ್ತು, ಅದನ್ನು ಮುಂದಕ್ಕೆಳೆದು ಹೊಲಿದರೆ ಸಾಕಾಯಿತು. ಕಣ್ಣಿನ ಸುತ್ತ ಮಾತ್ರ ಮರಗಟ್ಟಿಸಿದ್ದರಿಂದ, ನಡುವೆ ಅತ್ತೆಯನ್ನು ಎಬ್ಬಿಸಿ ಕೂರಿಸಿ, ಎರಡೂ ಕಣ್ಣು ಸಮವಾಗಿವೆಯೇ ಎಂದು ನೋಡಿಕೊಂಡೇ ಹೊಲಿಗೆ ಬಿಗಿದರಂತೆ.

ಮಾಣಿಯ ಸ್ನಾಯು ಹುಟ್ಟಿನಿಂದಲೇ ಸರಿಯಾಗಿ ಬೆಳೆದಿಲ್ಲ. ಬಲವೇ ಇಲ್ಲದ ಸ್ನಾಯುವನ್ನು ಎಳೆದು ಕಟ್ಟಿ ಹೆಚ್ಚು ಪ್ರಯೋಜನವಿಲ್ಲ. ಅಳತೆ 4 ಮಿಲಿಮೀಟರ್ ಅಥವಾ ಅದಕ್ಕಿಂತ ಕಡಿಮೆಯಿದ್ದರೆ ಸಾಮಾನ್ಯವಾಗಿ ರೆಪ್ಪೆಯನ್ನು ಹಣೆಯ ಸ್ನಾಯುವಿಗೆ ತೂಗುಹಾಕುವ ಸ್ಲಿಂಗ್ ಶಸ್ತ್ರಚಿಕಿತ್ಸೆ ಮಾಡುತ್ತಾರೆ. ಅದಕ್ಕೆ ತೊಡೆಯಿಂದ ತೆಗೆದ ಫ್ಯಾಸಿಯಾ (ಸ್ನಾಯುವನ್ನು ಹೊದ್ದಿರುವ ಗಟ್ಟಿ ಪೊರೆ) ಪಟ್ಟಿಯನ್ನೋ ಸಿಲಿಕೋನ್ ಎಳೆಯನ್ನೋ ಬಳಸುತ್ತಾರೆ. ಫ್ಯಾಸಿಯಾ ಬಹುಕಾಲ ಬಾಳುತ್ತದೆ. ಸಿಲಿಕೋನನ್ನು ಮುಂದೆ ಬೇಕಾದರೆ ಸರಿಹೊಂದಿಸಬಹುದು, ತೆಗೆಯಲೂಬಹುದು. ಪಾಪೆಯನ್ನೇ ರೆಪ್ಪೆ ಮುಚ್ಚಿದ್ದರೆ ಮಗುವಿನ ಮೆದುಳು ಆ ಕಣ್ಣಿನಿಂದ ನೋಡುವುದನ್ನು ಕಲಿಯುವುದಿಲ್ಲವಾದ್ದರಿಂದ, 'ದೊಡ್ಡವನಾಗಲಿ' ಎಂದು ಕಾಯುವುದೂ ಅಪಾಯ. ನಮ್ಮವನು ಗದ್ದ ಎತ್ತಿಯೇ ಟಿವಿ ನೋಡುತ್ತಿದ್ದ. ಅದನ್ನು ನಾವು ಜಂಬವೆಂದು ತಮಾಷೆ ಮಾಡುತ್ತಿದ್ದೆವು.

ಶಸ್ತ್ರಚಿಕಿತ್ಸೆಯೇ ಬೇಡದ ಕಾರಣಗಳೂ ಇರುತ್ತವೆ. ಅತ್ತೆ ಸಂಜೆ ಅಡಿಕೆ ಸುಲಿಯುವಾಗ ಒಂದು ಬೆರಳಿನಿಂದ ರೆಪ್ಪೆ ಎತ್ತಿಕೊಳ್ಳುತ್ತಿದ್ದರೆಂದು ಕೇಳಿದ ವೈದ್ಯರು, ಸ್ನಾಯು ದಣಿಯುವ ಮಯಸ್ತೀನಿಯಾ ಇರಬಹುದೇ ಎಂದು 2 ನಿಮಿಷ ಐಸ್ ಇಟ್ಟು ನೋಡಿದ್ದರು. ರೆಪ್ಪೆ ಮೇಲೇರಲಿಲ್ಲ. ಏರಿದ್ದರೆ ಕತ್ತರಿಗಿಂತ ಮೊದಲು ಬೇರೆ ತಪಾಸಣೆ, ಮಾತ್ರೆ ಬೇಕಾಗುತ್ತಿತ್ತು. ಇನ್ನು ರೆಪ್ಪೆ ಒಮ್ಮೆಲೇ ಬಿದ್ದು, ವಸ್ತುಗಳು ಎರಡೆರಡಾಗಿ ಕಂಡರೆ ಅಥವಾ ಪಾಪೆ ಹಿಗ್ಗಿದ್ದರೆ, ಅದೇ ದಿನ ದೊಡ್ಡಾಸ್ಪತ್ರೆಗೆ ಹೋಗಲೇಬೇಕು.

ಸ್ಲಿಂಗ್ ಆದ ಮಕ್ಕಳ ಕಣ್ಣು ನಿದ್ದೆಯಲ್ಲಿ ಪೂರ್ತಿ ಮುಚ್ಚದೆ ಉಳಿಯಬಹುದು. ಒಣಗದಂತೆ ರಾತ್ರಿ ಮುಲಾಮು ಹಾಕಬೇಕು. ಅಕ್ಕ ಹೆದರಿದ್ದು ಇದಕ್ಕೇ. ಮಾಣಿ ಕಣ್ಣು ಮುಚ್ಚಿದಾಗ ವೈದ್ಯರು ರೆಪ್ಪೆಯನ್ನು ಮೆಲ್ಲಗೆ ಸರಿಸಿ, ಕಣ್ಣುಗುಡ್ಡೆ ಮೇಲಕ್ಕೆ ಹೊರಳಿ ಕಪ್ಪುಭಾಗ ಒಣಗದಂತೆ ರೆಪ್ಪೆಯಡಿ ಮರೆಯಾಗಿರುವುದನ್ನು ತೋರಿಸಿದ ಮೇಲೆಯೇ ಅವಳು ಒಪ್ಪಿದಳು.