ಸಿನಿಮಾ ಬೈಯಿರಿ, ಆದರೆ ಪೂರ್ತಿ ನೋಡಿ ಬೈಯಿರಿ

ಸಿನಿಮಾ ಮುಗಿದು ದೀಪ ಹಾಕಿದ ಕೂಡಲೇ "ಬಹಳ ಸ್ಲೋ" ಎನ್ನುವವರನ್ನು ಕಂಡರೆ ನನಗೆ ಇತ್ತೀಚೆಗೆ ಮೈ ಉರಿಯುತ್ತದೆ. ಕೂತು ನೋಡಿ ಹಾಗೆ ಹೇಳಿದರೆ ಒಪ್ಪಬಹುದು, ಇಲ್ಲವೇ ಜಗಳವಾಡಬಹುದು. ಇವರು ಹತ್ತನೆಯ ನಿಮಿಷಕ್ಕೆ ಮೊಬೈಲ್ ತೆಗೆಯುತ್ತಾರೆ. ಕ್ರಿಕೆಟ್ ಸ್ಕೋರ್ ನೋಡುತ್ತಾರೆ, ಪಕ್ಕದವನಿಗೆ ರೀಲ್ಸ್ ತೋರಿಸುತ್ತಾರೆ, ನಡುವೆ ಕೆಳಗಿಳಿದು ಚಹಾ ಕುಡಿದು ಬರುತ್ತಾರೆ. ಕೊನೆಗೆ "ಇದರಲ್ಲಿ ಕಥೆಯೇ ಇಲ್ಲವಲ್ಲಣ್ಣಾ" ಎಂದು ನನ್ನನ್ನೇ ಕೇಳುತ್ತಾರೆ. ಪರದೆಯ ಮೇಲೆ ಕಥೆ ನಡೆಯುತ್ತಿದ್ದಾಗ ನೀವೆಲ್ಲಿದ್ದಿರಿ?

ಬಳ್ಳಾರಿಯಲ್ಲಿ ಗೆಳೆಯನೊಬ್ಬನ ಮನೆಯ ತಾರಸಿಯ ಮೇಲೆ, ಹಗಲಿನ ಕಾವು ಇಳಿದ ಮೇಲೆ, ಬಿಳಿ ಬಟ್ಟೆ ಕಟ್ಟಿ ನಾವು ಕೆಲವರು ಸಿನಿಮಾ ತೋರಿಸುತ್ತೇವೆ. ಇರಾನಿನದು, ಜಪಾನಿನದು, ಇಟಲಿಯದು, ಬಂಗಾಳದ್ದು. ಟಿಕೆಟ್ ಇಲ್ಲ, ಭಾಷಣವಿಲ್ಲ, ಅತಿಥಿಗಳಿಗೆ ಹಾರ ಹಾಕುವುದೂ ಇಲ್ಲ. ಜೀನ್ಸ್ ಹೊಲಿಯುವವರು ಬರುತ್ತಾರೆ, ಸಂಡೂರಿನ ಕಡೆ ಅದಿರಿನ ಲಾರಿ ಓಡಿಸುವವರು ಬರುತ್ತಾರೆ, ಬ್ಯಾಂಕಿನವರು, ಮೇಷ್ಟರುಗಳು ಬರುತ್ತಾರೆ. ದೊಡ್ಡ ಚಿತ್ರೋತ್ಸವ ನೋಡಬೇಕೆಂದರೆ ರಾತ್ರಿ ಬಸ್ ಹತ್ತಿ ಬೆಂಗಳೂರಿಗೆ ಹೋಗಬೇಕು, ಅಲ್ಲಿ ತಂಗಲು ದುಡ್ಡು ಬೇಕು, ಇಲ್ಲಿ ರಜೆ ಸಿಗಬೇಕು. ನಮ್ಮೂರಿನಲ್ಲಿ ಯಾರೂ ತೋರಿಸುವುದಿಲ್ಲವೆಂದು ನಾವೇ ತೋರಿಸುತ್ತಿದ್ದೇವೆ. ಗಿರೀಶ ಕಾಸರವಳ್ಳಿಯವರ 1977ರ 'ಘಟಶ್ರಾದ್ಧ'ದ ಪ್ರತಿಯನ್ನು ಸಂಸ್ಕರಿಸಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. ಕನ್ನಡದ ಸಿನಿಮಾ ಅದು. ವೆನಿಸ್ಸಿನವರು ದೊಡ್ಡ ಪರದೆಯ ಮೇಲೆ ನೋಡಿದರು, ನಾನು ಅದರ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದೆ. ಆ ಹೊಟ್ಟೆಯುರಿ ಬೇರೆ ಇದೆ, ಇರಲಿ.

ನಿಧಾನದ ಮಾತಿಗೇ ಬರುತ್ತೇನೆ. ಇರಾನಿನ ನಿರ್ದೇಶಕ ಅಬ್ಬಾಸ್ ಕಿಯಾರೋಸ್ತಮಿ 1987ರಲ್ಲಿ ಮಾಡಿದ 'ಗೆಳೆಯನ ಮನೆ ಎಲ್ಲಿದೆ' ಹಾಕಿದ್ದೆವು. ಎಂಟು ವರ್ಷದ ಹುಡುಗನೊಬ್ಬ ಪಕ್ಕದಲ್ಲಿ ಕೂರುವ ಗೆಳೆಯನ ನೋಟ್‌ಬುಕ್ಕನ್ನು ಅರಿಯದೆ ಮನೆಗೆ ತಂದುಬಿಡುತ್ತಾನೆ. ನಾಳೆ ಅದರಲ್ಲಿ ಮನೆಪಾಠ ಬರೆದಿಲ್ಲವೆಂದರೆ ಮೇಷ್ಟರು ಆ ಗೆಳೆಯನನ್ನು ಶಾಲೆಯಿಂದ ಓಡಿಸುತ್ತಾರೆ. ಹುಡುಗ ಗುಡ್ಡ ಹತ್ತಿ ಇಳಿದು ಪಕ್ಕದ ಊರಿಗೆ ಓಡುತ್ತಾನೆ. ಗೆಳೆಯನ ಮನೆ ಗೊತ್ತಿಲ್ಲ, ಕೇಳಿದರೆ ದೊಡ್ಡವರು ಯಾರೂ ಕಿವಿಗೊಡುವುದಿಲ್ಲ. ಅಜ್ಜ ಕರೆದು ಸಿಗರೇಟ್ ತಾ ಎನ್ನುತ್ತಾನೆ. ಸಿಗರೇಟ್ ಅವನ ಬಳಿಯೇ ಇದೆ. ಆದರೂ ಹುಡುಗನಿಗೆ ವಿಧೇಯತೆ ಕಲಿಸಬೇಕಲ್ಲ, ಅದಕ್ಕಾಗಿ ಓಡಿಸುತ್ತಾನೆ! ಆ ದೃಶ್ಯ ಬಂದಾಗ ನನಗೆ ನಮ್ಮ ಮನೆಗಳ ಹಿರಿಯರು ಸಾಲಾಗಿ ಕಣ್ಣಮುಂದೆ ಬಂದರು. ಮುಗಿದ ಮೇಲೆ ಒಬ್ಬರು ಎದ್ದು, "ಒಂದು ನೋಟ್‌ಬುಕ್ ಕೊಡುವುದಕ್ಕೆ ಎರಡು ಗಂಟೆ ಎಳೆದಿದ್ದಾನೆ" ಎಂದರು. ಸ್ವಾಮೀ, ಆ ಸಿನಿಮಾ ಒಂದೂವರೆ ಗಂಟೆಯೂ ಇಲ್ಲ. 83 ನಿಮಿಷ. ಅದಕ್ಕೆ ಎಷ್ಟು ಹೊತ್ತಾಯಿತೆಂಬುದೂ ನಿಮಗೆ ತಿಳಿದಿಲ್ಲ, ಏಕೆಂದರೆ ನೀವು ನೋಡಲೇ ಇಲ್ಲ.

ಹೀಗೆ ಹೇಳಿದವರು ನಮ್ಮ ಸೀಮೆಯವರು ಎನ್ನುವುದೇ ನನ್ನನ್ನು ಹೆಚ್ಚು ಕೆಣಕುವುದು. ನಾವು ರಾತ್ರಿಯಿಡೀ ಬಯಲಾಟ ನೋಡಿ ಬೆಳೆದವರು. ಸಾರಥಿ ಪ್ರಶ್ನೆ ಕೇಳಿ, ರಾಜ ಕುಣಿದು ತನ್ನ ಹೆಸರು, ಕುಲ, ಪಟ್ಟಣ ಹೇಳಿಕೊಂಡು ಮುಗಿಸುವಷ್ಟರಲ್ಲಿ ಮಕ್ಕಳು ಒಂದು ನಿದ್ದೆ ತೆಗೆದು ಏಳುತ್ತಿದ್ದೆವು. ಯುದ್ಧ ಬರುವ ಹೊತ್ತಿಗೆ ಮೂಡಣ ಬೆಳ್ಳಗಾಗುತ್ತಿತ್ತು. ಆಗ ಯಾವ ಅಜ್ಜನೂ "ಎಳೆಯುತ್ತಿದ್ದಾರೆ" ಎಂದು ಚಾಪೆ ಸುತ್ತಿಕೊಂಡು ಹೋಗಲಿಲ್ಲ. ತೊಗಲುಗೊಂಬೆಯವರು ಪರದೆ ಕಟ್ಟಿ ರಾಮಾಯಣ ಹೇಳಿದರೆ, ಗೊತ್ತಿದ್ದ ಕಥೆಯನ್ನೇ ಮತ್ತೆ ಕೇಳಲು ಊರು ಸೇರುತ್ತಿತ್ತು. ಕಾಯುವುದು ನಮಗೆ ಬರುವುದಿಲ್ಲ ಎಂದು ಯಾರಾದರೂ ಹೇಳಿದರೆ ನಾನು ನಂಬುವುದಿಲ್ಲ. ಬರುತ್ತದೆ. ಕೈಯಲ್ಲಿರುವ ಆ ಸಾಧನವನ್ನು ಒಂದೂವರೆ ಗಂಟೆ ಜೇಬಿಗೆ ಹಾಕುವ ಮನಸ್ಸಿಲ್ಲ, ಅಷ್ಟೇ. ಮೊನ್ನೆ ಒಬ್ಬ ಹುಡುಗ ಜಪಾನಿನ ನಿರ್ದೇಶಕ ಒಜುವಿನ 'ಟೋಕಿಯೊ ಸ್ಟೋರಿ'ಯನ್ನು ಮನೆಯಲ್ಲಿ ಎರಡು ಪಟ್ಟು ವೇಗದಲ್ಲಿ ಓಡಿಸಿ ನೋಡಿದೆ ಎಂದು ಹೆಮ್ಮೆಯಿಂದ ಹೇಳಿದ. ವಯಸ್ಸಾದ ತಂದೆತಾಯಿ ಮಕ್ಕಳನ್ನು ನೋಡಲೆಂದು ದೂರದ ಊರಿನಿಂದ ಟೋಕಿಯೊಗೆ ಬರುತ್ತಾರೆ, ಮಕ್ಕಳಿಗೆ ಅವರ ಜೊತೆ ಕೂರಲು ಪುರುಸೊತ್ತಿಲ್ಲ. ಇದು 1953ರ ಸಿನಿಮಾ. ಪುರುಸೊತ್ತಿಲ್ಲದ ಮಕ್ಕಳ ಕಥೆಯನ್ನು ಪುರುಸೊತ್ತಿಲ್ಲದೆ ಓಡಿಸಿ ನೋಡಿದವನಿಗೆ ನಾನು ಏನು ಹೇಳಲಿ? ಆ ತಾಯಿ ಸತ್ತ ಮೇಲೆ, ಅಂತ್ಯಕ್ರಿಯೆಯ ಊಟದ ಹೊತ್ತಿನಲ್ಲೇ ಮಗಳು ತಾಯಿಯ ಬಟ್ಟೆಗಳನ್ನು ನೆನಪಿಗೆಂದು ಕೇಳುತ್ತಾಳೆ. ಬಳ್ಳಾರಿಯ ಎಷ್ಟು ಮನೆಗಳಲ್ಲಿ ಹದಿಮೂರನೆಯ ದಿನಕ್ಕೂ ಕಾಯದೆ ಬಳೆ, ಸರದ ಮಾತು ಎದ್ದಿಲ್ಲ?

ಇನ್ನು ಭಾಷೆಯ ತಕರಾರು. "ಕೆಳಗೆ ಓದುತ್ತಾ ಮೇಲೆ ನೋಡಲು ಆಗುವುದಿಲ್ಲ" ಎನ್ನುತ್ತಾರೆ. ಇದರಲ್ಲಿ ಅರ್ಧ ನಿಜವಿದೆ, ಅದನ್ನು ನಾನು ಗೌರವಿಸುತ್ತೇನೆ. ಅಡಿಬರಹ ಇಂಗ್ಲಿಷಿನಲ್ಲಿರುತ್ತದೆ, ಅದನ್ನು ಓದಲಾರದವರಿಗೆ ಆ ಸಿನಿಮಾ ಮುಚ್ಚಿದ ಬಾಗಿಲು. ಕನ್ನಡದ ಅಡಿಬರಹವಿರುವ ಹೊರದೇಶದ ಸಿನಿಮಾ ಹುಡುಕಿದರೂ ಸಿಗುವುದು ಅಪರೂಪ. ಕನ್ನಡ ಚಿತ್ರರಂಗದವರು ದಶಕಗಳ ಕಾಲ ಡಬ್ಬಿಂಗ್ ಕೂಡದು ಎಂದು ಕೂತರು, 2015ರಲ್ಲಿ ವ್ಯಾಪಾರದ ಪೈಪೋಟಿಗೆ ಅಡ್ಡಿಯಾಗದಂತೆ ನೋಡಿಕೊಳ್ಳುವ ಭಾರತದ ಸ್ಪರ್ಧಾ ಆಯೋಗ ಆ ತಡೆ ತಪ್ಪೆಂದು ದಂಡ ಹಾಕುವವರೆಗೂ ಕೂತರು. ಕನ್ನಡಿಗ ಕನ್ನಡದಲ್ಲೇ ಜಗತ್ತನ್ನು ನೋಡಬೇಕೆಂಬ ಕಾಳಜಿ ಯಾರಿಗಿತ್ತು? ಬ್ಯಾಂಕಿನ ಗೆಳೆಯರೊಬ್ಬರು ಕೆಲವು ಸಿನಿಮಾಗಳ ಮಾತುಗಳನ್ನು ತಾವೇ ಕನ್ನಡಕ್ಕೆ ಮಾಡಿ, ತಾರಸಿಯ ಮೇಲೆ ಮೈಕಿನಲ್ಲಿ ಮೆಲ್ಲಗೆ ಓದುತ್ತಾರೆ. ಹೀಗೆ ಓದಿದ ದಿನ ಕೊನೆಯ ಸಾಲಿನ ಅಜ್ಜಿಯೂ ಅಲುಗಾಡದೆ ಕೂತಿದ್ದರು. ಆದರೆ ನನ್ನ ಬಳಿ ಬಂದು ದೂರುವವರು ಆ ಅಜ್ಜಿಯಲ್ಲ. ಇಂಗ್ಲಿಷ್ ಚೆನ್ನಾಗಿ ಬಲ್ಲ, ಕಚೇರಿಯಲ್ಲಿ ದಿನವಿಡೀ ಇಂಗ್ಲಿಷ್ ಕಡತ ಓದುವವರು. 1953ರವರೆಗೆ ಮದ್ರಾಸ್ ಪ್ರಾಂತ್ಯದಲ್ಲಿದ್ದ ಊರು ಇದು. ಮನೆಯಲ್ಲಿ ಒಂದು ಮಾತು, ಅಂಗಡಿಯಲ್ಲಿ ಇನ್ನೊಂದು ಮಾತು ಆಡುವ ಊರು. ತೆಲುಗು ಸಿನಿಮಾಕ್ಕೆ ಬೆಳಗಿನ ಜಾವವೇ ಸಾಲು ನಿಲ್ಲುವವರಿಗೆ ಜಪಾನಿ ಮಾತು ಕೇಳಿದ ಕೂಡಲೇ ಕಿವಿನೋವು ಬರುತ್ತದೆಯೇ?

ಹೊಡೆದಾಟದ ಸಿನಿಮಾ ಇಷ್ಟಪಡುವವರಿಗೂ ಒಂದು ಮಾತು. ಅದು ನನಗೂ ಇಷ್ಟ. ಜಪಾನಿನ ಕುರೊಸಾವಾ ಮಾಡಿದ 1954ರ 'ಸೆವೆನ್ ಸಮುರಾಯ್' ನೋಡಿ ಎಂದರೆ "ಕಪ್ಪುಬಿಳುಪು, ಮೂರೂವರೆ ಗಂಟೆ, ಬೇಡ" ಎನ್ನುತ್ತೀರಿ. 'ಶೋಲೆ'ಯನ್ನು ಎಷ್ಟು ಸಲ ನೋಡಿದ್ದೀರಿ? ಊರನ್ನು ದರೋಡೆಕೋರರಿಂದ ಉಳಿಸಲು ಹೊರಗಿನ ವೀರರನ್ನು ಕರೆತರುವ ಆ ಕಥೆಯ ಬೇರು ಕುರೊಸಾವಾನಲ್ಲಿದೆ. ಅಲ್ಲಿನ ರೈತರು ವೀರರಿಗೆ ಅಕ್ಕಿಯ ಅನ್ನ ಬಡಿಸಿ ತಾವು ಒರಟು ಧಾನ್ಯ ತಿನ್ನುತ್ತಾರೆ. ಸಿರುಗುಪ್ಪದ ಕಡೆ ಭತ್ತ ನಾಟಿ ಮಾಡುವ ಕೂಲಿಯವರಿಗೆ ಆ ದೃಶ್ಯವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ನನಗೆ ನಿಜಕ್ಕೂ ಸಹಿಸಲಾಗದ ಟೀಕೆ ಇದಲ್ಲ. "ಬಡತನ ತೋರಿಸಿ ಪ್ರಶಸ್ತಿ ಹೊಡೆಯುತ್ತಾರೆ" ಎನ್ನುವುದು. ಹೊಸ ಮಾತೇನಲ್ಲ. ನಟಿ ನರ್ಗಿಸ್ ರಾಜ್ಯಸಭಾ ಸದಸ್ಯೆಯಾಗಿದ್ದಾಗ, 1980ರಲ್ಲಿಯೇ, ಸತ್ಯಜಿತ್ ರೇ ಅವರು ಭಾರತದ ಬಡತನವನ್ನು ಹೊರದೇಶಕ್ಕೆ ಸಾಗಿಸುತ್ತಾರೆಂದು ಆರೋಪಿಸಿದ್ದರು. ಅದನ್ನೇ ನಮ್ಮ ತಾರಸಿಯ ಮೇಲೆ 'ಪಥೇರ್ ಪಾಂಚಾಲಿ' ಮುಗಿದ ಐದು ನಿಮಿಷಕ್ಕೆ ಒಬ್ಬರು ಒಪ್ಪಿಸಿದರು. ಯಾರ ಮುಂದೆ? ಆ ದಿನ ಕೂತವರಲ್ಲಿ ದೇವದುರ್ಗ, ಮಸ್ಕಿ, ಕುಷ್ಟಗಿ ಕಡೆಯಿಂದ ಕೆಲಸ ಹುಡುಕಿ ಬಂದವರಿದ್ದರು. ಅವರ ಊರುಗಳಲ್ಲಿ ಸುಗ್ಗಿ ಮುಗಿದರೆ ಗಂಟುಮೂಟೆ ಕಟ್ಟಿ ಗುಳೆ ಹೋಗುತ್ತಾರೆ, ಬೆಂಗಳೂರಿಗೋ ಗೋವಾಕ್ಕೋ ಪುಣೆಗೋ. ಮನೆಯಲ್ಲಿ ಮುದುಕರು, ಮಕ್ಕಳು ಉಳಿಯುತ್ತಾರೆ. ರೇ ಅವರ ಸಿನಿಮಾದಲ್ಲಿ ತಂದೆ ದುಡಿಯಲು ಪರಊರಿಗೆ ಹೋಗಿರುತ್ತಾನೆ. ಮಳೆಯಲ್ಲಿ ನೆನೆದ ಮಗಳು ಜ್ವರ ಬಂದು ಸಾಯುತ್ತಾಳೆ. ಅವನಿಗೆ ಸುದ್ದಿಯಿಲ್ಲ. ಮರಳಿ ಬಂದವನು ತಂದ ಸಾಮಾನುಗಳನ್ನು ಒಂದೊಂದಾಗಿ ಹೆಂಡತಿಗೆ ತೋರಿಸುತ್ತಾ, ಮಗಳಿಗೆಂದು ತಂದ ಸೀರೆಯನ್ನು ತೆಗೆಯುತ್ತಾನೆ. ಆಗ ನನ್ನ ಪಕ್ಕದಲ್ಲಿದ್ದ ಮೇಸ್ತ್ರಿಯೊಬ್ಬರು ಟವೆಲ್ಲಿನಿಂದ ಮುಖ ಮುಚ್ಚಿಕೊಂಡಿದ್ದರು. ಅವರಿಗೆ ಅದು ಬಡತನದ ಪ್ರದರ್ಶನವಾಗಿ ಕಾಣಲಿಲ್ಲ. ಹೊಟ್ಟೆ ತುಂಬಿ, ಸ್ವಂತ ಮನೆ ಕಟ್ಟಿ, ಕಾರಿನಲ್ಲಿ ಬಂದವರಿಗೆ ಮಾತ್ರ ದೇಶದ ಮರ್ಯಾದೆ ಹೋದಂತೆ ಕಂಡಿತು. ಗುಳೆ ಹೋಗುವವರನ್ನು ಬಸ್ ನಿಲ್ದಾಣದಲ್ಲಿ ದಿನವೂ ನೋಡುವಾಗ ಹೋಗದ ಮರ್ಯಾದೆ ಪರದೆಯ ಮೇಲೆ ನೋಡಿದಾಗ ಹೇಗೆ ಹೋಯಿತು?

ಇಷ್ಟು ಹೇಳಿದ ಮೇಲೆ "ಸರಿಯಾಗಿ ಕೊಟ್ಟೆ ಅವರಿಗೆ" ಎಂದು ತಲೆದೂಗುತ್ತಿರುವವರು ಕೆಲವರಿದ್ದಾರೆ, ನನಗೆ ಗೊತ್ತು. ನಾಲ್ಕು ನಿರ್ದೇಶಕರ ಹೆಸರು ಬಾಯಿಪಾಠ ಮಾಡಿ, ಉಳಿದ ಪ್ರೇಕ್ಷಕರನ್ನೆಲ್ಲ ಕುರಿಗಳಂತೆ ನೋಡುವವರು. ನನ್ನ ಸಿಟ್ಟಿನ ದೊಡ್ಡ ಪಾಲು ನಿಮಗೇ ಮೀಸಲು. ಮೊಬೈಲ್ ನೋಡುವವನು ತನ್ನ ಸಂಜೆಯನ್ನಷ್ಟೇ ಕಳೆದುಕೊಳ್ಳುತ್ತಾನೆ. ನೀವು ಇನ್ನೊಬ್ಬನಿಂದ ಸಿನಿಮಾವನ್ನೇ ಕಿತ್ತುಕೊಳ್ಳುತ್ತೀರಿ.

'ಬೈಸಿಕಲ್ ಥೀವ್ಸ್' ತೋರಿಸಿದ ರಾತ್ರಿಯನ್ನು ನೆನೆಯಿರಿ. 1948ರದ್ದು, ಇಟಲಿಯ ನಿರ್ದೇಶಕ ವಿಟ್ಟೋರಿಯೊ ಡಿ ಸಿಕಾನದು. ಗೋಡೆಗೆ ಪೋಸ್ಟರ್ ಅಂಟಿಸುವ ಕೆಲಸ ಸಿಗಬೇಕಾದರೆ ಸೈಕಲ್ ಬೇಕು. ಒತ್ತೆಯಿಟ್ಟ ಸೈಕಲ್ ಬಿಡಿಸಲು ಹೆಂಡತಿ ಹಾಸಿಗೆಯ ಬಟ್ಟೆಗಳನ್ನೇ ಒತ್ತೆಯಿಡುತ್ತಾಳೆ. ಕೆಲಸದ ಮೊದಲ ದಿನವೇ ಸೈಕಲ್ ಕಳುವಾಗುತ್ತದೆ, ತಂದೆ ಮಗ ಇಡೀ ರೋಮ್ ನಗರ ಸುತ್ತುತ್ತಾರೆ. ತಂದೆಯ ಪಾತ್ರ ಮಾಡಿದವನು ನಟನೇ ಅಲ್ಲ, ಕಾರ್ಖಾನೆಯ ಕಾರ್ಮಿಕ. ಮುಗಿದಾಗ ಜೀನ್ಸ್ ಘಟಕದಲ್ಲಿ ಹೊಲಿಗೆ ಮಾಡುವ ಹುಡುಗನೊಬ್ಬ, ಮೊದಲ ಸಲ ಬಂದವನು, ತಾನಾಗಿಯೇ ಎದ್ದು ನಿಂತ. "ಪೊಲೀಸರು ದೂರು ಬರೆದುಕೊಂಡರು, ಹುಡುಕುವ ಕೆಲಸ ಅವನಿಗೇ ಬಿಟ್ಟರು. ನನ್ನ ಗಾಡಿ ಹೋದಾಗಲೂ ಹೀಗೆಯೇ ಆಯಿತು. ಆದರೆ ಕೊನೆಗೆ ಅವನೂ ಕದಿಯಲು ಹೋದದ್ದು ನನಗೆ ಸರಿ ಎನಿಸಲಿಲ್ಲ. ಮಗನ ಕಣ್ಣೆದುರು ಹಾಗೆ ಮಾಡಬಾರದಿತ್ತು" ಎಂದ.

ಇದು ವಿಮರ್ಶೆ. ನಾನು ಇದಕ್ಕಾಗಿಯೇ ಪ್ರೊಜೆಕ್ಟರ್ ಹೊತ್ತು ಮೆಟ್ಟಿಲು ಹತ್ತುವುದು. ಅವನಿಗೆ ಸಿನಿಮಾ ಒಪ್ಪಿಗೆಯಾಗಲಿಲ್ಲ, ಏಕೆ ಆಗಲಿಲ್ಲವೆಂದು ಹೇಳಿದ. ಅದಕ್ಕೆ ಉತ್ತರ ಕೊಡಬಹುದಿತ್ತು. ಮಗನನ್ನು ಟ್ರಾಮ್ ಹತ್ತಿ ಹೋಗು ಎಂದು ಕಳುಹಿಸಿದ ಮೇಲೆಯೇ ತಂದೆ ಸೈಕಲ್ಲಿಗೆ ಕೈಹಾಕುವುದು, ಹುಡುಗನಿಗೆ ಟ್ರಾಮ್ ತಪ್ಪಿಹೋಗುತ್ತದೆ, ಅಪ್ಪ ನೋಡಿಸಬಾರದೆಂದುಕೊಂಡದ್ದನ್ನೇ ಅವನು ನೋಡಿಬಿಡುತ್ತಾನೆ. ಅವನು ಇದಕ್ಕೂ ಏನೋ ಹೇಳುತ್ತಿದ್ದ. ಮಾತು ರಾತ್ರಿ ಹನ್ನೆರಡರವರೆಗೆ ನಡೆಯುತ್ತಿತ್ತು. ನಡೆಯಲಿಲ್ಲ. ನಿಮ್ಮಲ್ಲೊಬ್ಬರು, ಹೆಸರು ಬರೆಯುವುದಿಲ್ಲ, ಕುಳಿತಲ್ಲಿಂದಲೇ ನಕ್ಕು, "ನವವಾಸ್ತವವಾದ ಗೊತ್ತೇನಪ್ಪಾ ನಿನಗೆ? ನೀತಿಕಥೆ ಬೇಕಿದ್ದರೆ ಧಾರಾವಾಹಿ ನೋಡು" ಎಂದರು. ಇನ್ನಿಬ್ಬರು ನಕ್ಕರು. ಹುಡುಗ ಚಪ್ಪಲಿ ಹಾಕಿಕೊಂಡು ಇಳಿದುಹೋದ. ಮುಂದಿನ ವಾರ ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ.

ಯಾರ ಕುರಿತು ಆ ಸಿನಿಮಾ ಮಾಡಿದರೋ ಅವನನ್ನೇ ನೀವು ಓಡಿಸಿದಿರಿ. ನೀವು ಓದಿದ ಪುಸ್ತಕದಲ್ಲಿ ನವವಾಸ್ತವವಾದ ಎಂದರೆ ಏನೆಂದು ಬರೆದಿದ್ದಾರೆ? ಬೀದಿಯ ಮನುಷ್ಯನನ್ನು ಪರದೆಯ ಮೇಲೆ ತಂದರು ಎಂದು ತಾನೇ? ಪರದೆಯ ಮೇಲಿದ್ದಾಗ ಅವನಿಗಾಗಿ ಕಣ್ಣೀರು ಹಾಕುತ್ತೀರಿ, ಪಕ್ಕದ ಚಾಪೆಯ ಮೇಲೆ ಕೂತು ಬಾಯಿ ಬಿಟ್ಟರೆ ನಗುತ್ತೀರಿ. ಅವನು ರಾಜ್‌ಕುಮಾರ್ ಸಿನಿಮಾ ಇಷ್ಟಪಡುತ್ತಾನೆ, ತೆಲುಗು ನಾಯಕನ ಕಟೌಟಿಗೆ ಹಾಲು ಹಾಕುತ್ತಾನೆ, ಶಿಳ್ಳೆ ಹೊಡೆಯುತ್ತಾನೆ. ಹೊಡೆಯಲಿ. ಶಿಳ್ಳೆ ಹೊಡೆಯುವವನು ಕಣ್ಣು ಬಿಟ್ಟು ಸಿನಿಮಾ ನೋಡುತ್ತಾನೆ. ನೀವು ಮುಂದೆ ಯಾರ ಹೆಸರು ಹೇಳಲಿ ಎಂದು ಯೋಚಿಸುತ್ತಾ ಕೂತಿರುತ್ತೀರಿ.

ಅವನ ಘಟಕ ಎಲ್ಲಿದೆ ಎಂದು ವಿಚಾರಿಸಿ ಹೋಗಿ ಮಾತನಾಡಿಸಿದ್ದೇನೆ. "ನನಗೆ ಅದೆಲ್ಲ ತಿಳಿಯುವುದಿಲ್ಲ ಬಿಡಿ ಸಾರ್" ಎಂದ. ಒಂದು ರಾತ್ರಿಯಲ್ಲಿ ನೀವು ಅವನಿಗೆ ಕಲಿಸಿದ ಪಾಠ ಅದು. ಒತ್ತಾಯ ಮಾಡಿ ಕರೆದಿದ್ದೇನೆ, ಭಾನುವಾರ ಬರುತ್ತೇನೆ ಎಂದಿದ್ದಾನೆ. ಅವನು ಬಂದರೆ ಮೊದಲ ಮಾತು ಅವನದು. ಇಷ್ಟವಾಗದಿದ್ದರೆ ಎದ್ದು ನಿಂತು ಬೈಯಲಿ, ಎಷ್ಟು ಹೊತ್ತಾದರೂ ಬೈಯಲಿ. ಅವನು ಮುಗಿಸುವ ಮೊದಲು ಯಾರಾದರೂ ನಕ್ಕರೆ ಅವರು ಚಪ್ಪಲಿ ಹಾಕಿಕೊಂಡು ಕೆಳಗೆ ಇಳಿಯಬೇಕಾಗುತ್ತದೆ. ಮನೆಯ ಗೆಳೆಯನೂ ಇದಕ್ಕೆ ಒಪ್ಪಿದ್ದಾನೆ.