ಸಾರ್, ಟ್ಯಾಂಕ್ ತುಂಬೋಯ್ತು!

ಬೆಂಗಳೂರಿನ ಬಡಾವಣೆಯಲ್ಲಿ ನೀರು ಬೀಳುವ ಸದ್ದು ಕೇಳಿದರೆ ಯಾರಿಗೂ ಮಲೆನಾಡು ನೆನಪಾಗುವುದಿಲ್ಲ, ಮೋಟರ್ ನೆನಪಾಗುತ್ತದೆ. "ಕೈತೋಟದಲ್ಲಿ ಜುಳುಜುಳು ಅಂತಿರಬೇಕು" ಎಂದು ನನ್ನಾಕೆ ಆಸೆಪಟ್ಟಾಗ ಈ ವಿಚಾರ ಇಬ್ಬರಿಗೂ ಹೊಳೆಯಲಿಲ್ಲ. ಕೈತೋಟವೆಂದರೆ ಗೇಟಿಗೂ ಸಂಪಿಗೂ ನಡುವೆ ಮಿಕ್ಕ ಜಾಗ: ಒಂದು ದಾಸವಾಳ, ಒಂದು ಕರಿಬೇವು, ಚಕ್ರದಲ್ಲಿ ಗಾಳಿಯಿಲ್ಲದ ಸೈಕಲ್ಲು.

ದನಗಳೆಲ್ಲ ಮಾರಾಟವಾಗಿ ಊರಲ್ಲಿ ಬೋರಲು ಬಿದ್ದಿದ್ದ ಕಲಗಚ್ಚಿನ ಕಲ್ಲುಬಾನಿ ಗೂಡ್ಸ್ ಆಟೋ ಹತ್ತಿ ಬಂತು. ಅದರೊಳಗೆ ನೈದಿಲೆಯ ಗೆಡ್ಡೆ, ಮುಷ್ಟಿ ಗಾತ್ರದ ಪಂಪು, ಬಿದಿರಿನ ಕೊಳವೆ. ಸರ್ಕಾರಿ ಕಡತದ ಹಾಗೆ ನೀರು ಮೇಲೆ ಹೋಗಿ ಹೊರಟಲ್ಲಿಗೇ ವಾಪಸ್ಸು.

ಸ್ವಿಚ್ ಒತ್ತಿ ಕಾಫಿ ಹಿಡಿದು ಕೂತೆವಷ್ಟೇ. "ಸಾರ್, ಟ್ಯಾಂಕ್ ತುಂಬೋಯ್ತು!" ಎಂದು ಎದುರುಮನೆಯವರು ಬಾಲ್ಕನಿಯಿಂದ ಕೂಗಿದರು. ಪಕ್ಕದ ಮನೆಯ ಅಜ್ಜಿ ಬೆಲ್ ಒತ್ತಿದರು. ಪೇಪರ್ ಹುಡುಗ ಗೇಟು ಬಡಿದ. ನೀರಿನ ಟ್ಯಾಂಕರಿನವನೂ ಗಾಡಿ ನಿಧಾನಿಸಿ ಇಣುಕಿದ. ಅವನ ಮುಖದಲ್ಲಿದ್ದದ್ದು ಕಾಳಜಿಯೋ ಲೆಕ್ಕಾಚಾರವೋ ತಿಳಿಯಲಿಲ್ಲ.

ಅವರನ್ನು ಅನ್ನುವಂತಿಲ್ಲ. 2024ರ ಮಾರ್ಚ್‌ನಲ್ಲಿ ಬೋರ್‌ವೆಲ್‌ಗಳು ಬತ್ತಿ, ಕಾರಂಜಿಗೆ, ಕೈತೋಟಕ್ಕೆ, ಕಾರು ತೊಳೆಯಲಿಕ್ಕೆ ಕುಡಿಯುವ ನೀರು ಬಳಸಿದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶಿಸಿದ್ದು ಯಾರಿಗೆ ಮರೆತೀತು? ನಮ್ಮದು ತಾರಸಿಯಿಂದ ಇಳಿಸಿದ ಮಳೆನೀರು ಎಂದು ರಟ್ಟಿನ ಮೇಲೆ ಬರೆದು ಗೇಟಿಗೆ ನೇತುಹಾಕಿದೆವು. ಅಜ್ಜಿ ಅದನ್ನು ಪೂರ್ತಿ ಓದಿ, ಮತ್ತೆ ಬೆಲ್ ಒತ್ತಿದರು. "ಬೋರ್ಡು ನೋಡ್ದೆ ಕಣಪ್ಪ. ಆದ್ರೂ ಒಂದ್ಸಲ ಮೇಲೆ ಹತ್ತಿ ನೋಡ್ಬಿಡು."

ಕೊನೆಗೆ ಪಂಪು ಆರಿಸಿದೆವು. ಬೀದಿ ತಣ್ಣಗಾಯಿತು, ಆದರೆ ಡೆಂಗಿ ಸಮೀಕ್ಷೆಗೆ ಬಂದ ಆಶಾ ಕಾರ್ಯಕರ್ತೆ ಬಾನಿಗೆ ಟಾರ್ಚ್ ಬಿಟ್ಟು, ನುಲಿಯುತ್ತಿದ್ದ ಮರಿಹುಳುಗಳನ್ನು ತೋರಿಸಿದರು. "ನಿಂತ ನೀರು ಸಿಕ್ರೆ ಒಂದು ವಾರ ಹತ್ತು ದಿನಕ್ಕೆ ಮೊಟ್ಟೆ ಹೋಗಿ ಸೊಳ್ಳೆ ಆಗತ್ತೆ. ಹರಿಸಿ, ಇಲ್ಲಾಂದ್ರೆ ಗಪ್ಪಿ ಮೀನು ಬಿಡಿ." ಹರಿಸಿದರೆ ಅಜ್ಜಿ, ನಿಲ್ಲಿಸಿದರೆ ಡೆಂಗಿ. ಗಪ್ಪಿಯೇ ವಾಸಿ ಅನ್ನಿಸಿತು.

ಮರಿಹುಳುಗಳು ಹೇಳಹೆಸರಿಲ್ಲದಂತೆ ಮಾಯವಾದವು. ಎಲೆಯ ಮೇಲೆ ನೀರು ಸಿಡಿದರೆ ನೈದಿಲೆಗೆ ಆಗದಂತೆ. ಪಂಪು ಡಬ್ಬ ಸೇರಿದ ಮೇಲೆಯೇ ಅದು ಮೊಗ್ಗು ಬಿಟ್ಟಿತು. ಜುಳುಜುಳು ಒಂದು ಬಿಟ್ಟು ಮಿಕ್ಕಿದ್ದೆಲ್ಲ ಚೆನ್ನಾಗಿದೆ ಎಂದು ನನ್ನಾಕೆ ಬಂದವರಿಗೆ ಹೇಳುತ್ತಾಳೆ.

ಆದರೆ ಗಪ್ಪಿ ಮೊಟ್ಟೆಯಿಡುವ ಜಾತಿಯಲ್ಲ, ನೇರ ಮರಿಯನ್ನೇ ಹಾಕುತ್ತದೆ, ಅದೂ ಹೆಚ್ಚುಕಡಿಮೆ ತಿಂಗಳಿಗೊಮ್ಮೆ. ಬಾನಿಯಲ್ಲಿ ಕಾಲಿಡಲು ಜಾಗವಿಲ್ಲ. ಕರೆಂಟ್ ತಂತಿಯ ಮೇಲೆ ಕೂತು ಹೊಂಚುಹಾಕುವ ಮಿಂಚುಳ್ಳಿಯನ್ನು ಅತ್ತೆ ಕೋಲು ಹಿಡಿದು ಅಟ್ಟುತ್ತಾರೆ. ಅವರು ಒಳಗೆ ಹೋದ ಮೇಲೆ ನಾನು ಅದಕ್ಕಾಗಿ ಕಾಯುತ್ತೇನೆ. ಬೀದಿಯ ಡ್ರಮ್ಮು, ತೊಟ್ಟಿಗಳಿಗೆಲ್ಲ ಹಂಚಿಯಾಯಿತು. ಮೊನ್ನೆ ಆಶಾ ಕಾರ್ಯಕರ್ತೆ ಬಂದಾಗ ಕೈಯಲ್ಲಿ ಟಾರ್ಚ್ ಇರಲಿಲ್ಲ, ಎರಡು ಲೀಟರಿನ ಖಾಲಿ ಬಾಟಲಿ ಇತ್ತು.