ಶಿಕ್ಷೆ ಮುಗಿದ ಮೇಲೆ ಬಂದ ವಿಚಾರಣೆಯ ತಾರೀಖು

ಹೋದ ವರ್ಷ ರಜೆಗೆ ಸಿಂಧನೂರಿಗೆ ಹೋದಾಗ ನನ್ನ ಗೆಳೆಯ ಅವರಪ್ಪನ ಗೊಬ್ಬರದ ಅಂಗಡಿಯ ಗಲ್ಲಾದಲ್ಲಿ ಕೂತಿದ್ದ. ಎಂ.ಡಿ. ಮಾಡಿದವನು, ಬೇರೆ ರಾಜ್ಯದಲ್ಲಿ ಕ್ಲಿನಿಕ್ ಇಟ್ಟಿದ್ದ. ಅಲ್ಲಿನ ವೈದ್ಯಕೀಯ ಕೌನ್ಸಿಲ್ ಅವನ ಡಾಕ್ಟರ್ ರಿಜಿಸ್ಟ್ರೇಷನ್ ಮೂರು ತಿಂಗಳು ಅಮಾನತು ಮಾಡಿದ್ದರಿಂದ ಊರಿಗೆ ಬಂದಿದ್ದ. ವಿಚಾರಣೆಯ ನೋಟಿಸ್ ಹೋಗಿದ್ದು ಅವನ ಹಳೇ ಹಾಸ್ಟೆಲ್ ವಿಳಾಸಕ್ಕೆ. ಕೈಗೆ ಸಿಕ್ಕಿದ್ದು ಆದೇಶ ಮಾತ್ರ.

ಅಷ್ಟರಲ್ಲಿ ಓಣಿಯ ಅಜ್ಜಿಯೊಬ್ಬರು ಬಿ.ಪಿ. ಗುಳಿಗೆಯ ಖಾಲಿ ಪಟ್ಟಿ ಹಿಡಿದು ಬಂದರು. "ಇದನ್ನ ಮತ್ತ ತಗೊಳ್ಳೇನಪ್ಪಾ?" ಅವನು ಪಟ್ಟಿ ಮುಟ್ಟಲೇ ಇಲ್ಲ. "ಸರ್ಕಾರಿ ದವಾಖಾನಿಗೆ ಹೋಗ್ರಿ ಅಮ್ಮಾ" ಅಂದು ಬಿಲ್ ಪುಸ್ತಕ ತಿರುವತೊಡಗಿದ. ಆ ಕೈ ನಡುಗುತ್ತಿತ್ತು.

ನಾನೂ ಡಾಕ್ಟರೇ, ಇರುವುದು ಮ್ಯಾಂಚೆಸ್ಟರಿನಲ್ಲಿ. ಬ್ರಿಟನ್ನಿನ ವೈದ್ಯರ ಮೇಲಿನ ದೂರುಗಳ ವಿಚಾರಣೆ ನಡೆಸುವ ಟ್ರಿಬ್ಯೂನಲ್ ಇರುವುದೂ ಇದೇ ಊರಲ್ಲಿ. ಇಲ್ಲಿ ಅಮಾನತು ಮಾಡಿದರೆ, ಮೇಲ್ಮನವಿಗೆ ದಾರಿ ಇದೆ ಅಂತ ವೈದ್ಯರಿಗೆ ತಿಳಿಸಲೇಬೇಕು. ಹೈಕೋರ್ಟಿಗೆ ಹೋಗಲು 28 ದಿನ ಇರುತ್ತದೆ. ಆ 28 ದಿನ ಮುಗಿಯುವ ತನಕ, ಮೇಲ್ಮನವಿ ಹಾಕಿದರೆ ಅದು ತೀರ್ಮಾನವಾಗುವ ತನಕ, ಸಾಮಾನ್ಯವಾಗಿ ಶಿಕ್ಷೆ ಜಾರಿಗೆ ಬರುವುದಿಲ್ಲ. ರೋಗಿಗಳಿಗೆ ಅಪಾಯ ಅನ್ನಿಸಿದರೆ ವೈದ್ಯರ ಕೆಲಸವನ್ನು ತಕ್ಷಣ ತಡೆಯುವ ಆದೇಶ ಬೇರೆಯೇ ಇದೆ. ಇಲ್ಲಿ ಎಲ್ಲವೂ ಚೆನ್ನಾಗಿದೆ ಅಂತಲ್ಲ. ತನಿಖೆ ಮುಗಿಯುವ ಮುಂಚೆಯೇ 18 ತಿಂಗಳವರೆಗೆ ಮಧ್ಯಂತರ ಅಮಾನತು ಹಾಕಬಹುದು. ಅದರಲ್ಲಿ ನಲುಗಿದವರನ್ನೂ ನೋಡಿದ್ದೇನೆ.

ನಮ್ಮಲ್ಲೂ ದಾರಿ ಇಲ್ಲವೆಂದಲ್ಲ. 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗ ಕಾಯ್ದೆಯ 30ನೇ ಕಲಂ ಪ್ರಕಾರ ವೈದ್ಯರ ಮಾತು ಕೇಳದೆ ರಾಜ್ಯ ಕೌನ್ಸಿಲ್ ಕ್ರಮ ಕೈಗೊಳ್ಳುವಂತಿಲ್ಲ. ಕೌನ್ಸಿಲ್ ಆದೇಶ ಒಪ್ಪಿಗೆಯಾಗದಿದ್ದರೆ ದೆಹಲಿಯ ನೀತಿ ಮತ್ತು ನೋಂದಣಿ ಮಂಡಳಿಗೆ ಹೋಗಬಹುದು. ಅಲ್ಲೂ ಆಗದಿದ್ದರೆ 60 ದಿನದೊಳಗೆ ಆಯೋಗಕ್ಕೆ. ಆದರೆ ಮೇಲ್ಮನವಿ ಹಾಕಿದ ಮಾತ್ರಕ್ಕೆ ಅಮಾನತು ನಿಲ್ಲುವುದಿಲ್ಲ. ನನ್ನ ತಕರಾರು ಇರುವುದು ಇಲ್ಲೇ. ಮೂರು ತಿಂಗಳ ಶಿಕ್ಷೆ ಮೂರೇ ತಿಂಗಳಲ್ಲಿ ಮುಗಿಯುತ್ತದೆ, ಮೇಲ್ಮನವಿ ಮುಗಿಯುತ್ತದಾ? ಆಮೇಲೆ ಗೆದ್ದರೆ ಕೈಬಿಟ್ಟುಹೋದ ರೋಗಿಗಳು ವಾಪಸ್ ಬರ್ತಾರಾ? ಜೀವಕ್ಕೆ ಅಪಾಯವಿಲ್ಲದ ಪ್ರಕರಣಗಳಲ್ಲಾದರೂ ಮೇಲ್ಮನವಿಯ ಅವಧಿ ಮುಗಿಯುವ ತನಕ ಆದೇಶವನ್ನು ತಡೆದಿಡಬೇಕು.

ಅಲ್ಲಿಯವರೆಗೆ ಊರಿನ ಡಾಕ್ಟರ್ ಗೆಳೆಯರಿಗೆ ಒಂದು ಮಾತು. ಬರೀ ಮೇಲ್ಮನವಿ ಹಾಕಿ ಸುಮ್ನೆ ಕೂರಬೇಡಿ, ಅದರ ಜೊತೆಗೇ ತಡೆಯಾಜ್ಞೆ ಕೇಳಿ. ನಿಮ್ಮ ಮಾತೇ ಕೇಳದೆ ಆದೇಶ ಮಾಡಿದ್ದರೆ ಸಂವಿಧಾನದ 226ನೇ ವಿಧಿಯಡಿ ನೇರ ಹೈಕೋರ್ಟಿಗೂ ಹೋಗಬಹುದು. ಮೊದಲು ಮೇಲ್ಮನವಿ ಹಾಕಿ ಬನ್ನಿ ಅಂತ ಕೋರ್ಟು ಸಾಮಾನ್ಯವಾಗಿ ಹೇಳುತ್ತದೆ. ಆದರೆ ಸಹಜ ನ್ಯಾಯ, ಅಂದರೆ ಮಾತು ಕೇಳದೆ ಶಿಕ್ಷಿಸಬಾರದು ಎಂಬಂಥ ನಿಯಮ, ಮುರಿದಿದ್ದರೆ ಆ ಅಡ್ಡಿ ಇಲ್ಲವೆಂದು ಸುಪ್ರೀಂ ಕೋರ್ಟ್ 1998ರ ವರ್ಲ್‌ಪೂಲ್ ಪ್ರಕರಣದಲ್ಲೇ ಹೇಳಿದೆ. ರಾಯಚೂರಿನವರಿಗೆ ಕಲಬುರಗಿ ಪೀಠ, ಕೊಪ್ಪಳ, ಬಳ್ಳಾರಿಯವರಿಗೆ ಧಾರವಾಡ ಪೀಠ. ಮೊದಲ ದಿನವೇ ವಕೀಲರನ್ನು ನೋಡಿ. ನೋಟಿಸಿನ ಲಕೋಟೆ ಎಸೆಯಬೇಡಿ, ಅದರ ಮೇಲಿನ ಅಂಚೆ ಮುದ್ರೆಯ ತಾರೀಖೇ ಸಾಕ್ಷಿ. ವಿಳಾಸ ಬದಲಾಗಿದ್ದರೆ ಇವತ್ತೇ ಕೌನ್ಸಿಲಿಗೆ ಬರೆದು ತಿಳಿಸಿ.

ಗೆಳೆಯನ ಮೇಲ್ಮನವಿ ವಿಚಾರಣೆಗೆ ತಾರೀಖು ಸಿಕ್ಕಾಗ ಅವನು ಕ್ಲಿನಿಕ್ಕಿಗೆ ವಾಪಸ್ಸಾಗಿ ಎರಡು ತಿಂಗಳಾಗಿತ್ತು. "ಶಿಕ್ಷೆ ಮುಗೀತಲ್ಲ, ಇನ್ಯಾಕೆ ಓಡಾಟ?" ಅಂದೆ. "ನನ್ನ ಹೆಸರಿನ ಮುಂದ ಅದು ಉಳೀಬಾರದು ದೋಸ್ತ" ಅಂದ. ದೆಹಲಿಗೆ ಟಿಕೆಟ್ ಮಾಡಿಸಿದ್ದಾನೆ.